ಮೂರು ಮಿಲಿಮೀಟರು ಸಣ್ಣ ಕ್ರಾಸ್

ಬೆಳಿಗ್ಗೆ ಹತ್ತಕ್ಕೆ ಕಾಗವಾಡ ಠಾಣೆಗೆ ಬಂದ ಗಂಗಾ ಕುರ್ಚಿಯಲ್ಲಿ ಕೂಡಲಿಲ್ಲ.

"ನನ್ನ ಗಂಡ ಹ್ಯಾಂಡ್‌ಬ್ರೇಕ್ ಹಾಕೋದು ಮರ್ತಾನಂತ ಊರೆಲ್ಲಾ ಅನ್ನಾಕತ್ತೈತ್ರಿ, ಮೇಡಮ್ಮಾರ. ಮಾಳು ಸೈಕಲ್ಲಿಗೂ ಕಲ್ಲ ಕೊಟ್ಟ ನಿಲ್ಲಸಾಂವ. ಸತ್ತಾಂವನ ಮ್ಯಾಲ ಸುಳ್ಳ ಹೇರಬ್ಯಾಡ್ರಿ."

ಪಿಎಸ್ಐ ಅಲ್ಫಿಯಾ ಎಫ್‌ಐಆರ್ ದಾಖಲಿಸಿದರು. ಹಿಂದಿನ ಸಂಜೆ ಶಿರಗುಪ್ಪಿಯ ಹೊಳೆದಂಡೆಯ ಏರಿನಲ್ಲಿ, ಕಬ್ಬು ತುಂಬಿದ ಹಳೆಯ ಮಿಲಿಟರಿ ಟ್ರಕ್ಕನ್ನು ನಿಲ್ಲಿಸಿ ಹಗ್ಗ ಬಿಗಿಯಲು ಹಿಂದೆ ಹೋದ ಚಾಲಕ ಮಾಳುವಿನ ಮೇಲೆ ಅದೇ ಟ್ರಕ್ಕು ಉರುಳಿತ್ತು.

ಪಂಚನಾಮೆಯಲ್ಲಿ ನಮೂದಾಯಿತು: ಗೇರು ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕಿನ ಹಿಡಿಕೆ ಕೆಳಗಿದೆ (ಬ್ರೇಕು ಬಿಟ್ಟಿದೆ), ಹಿಂದಿನ ಗಾಲಿಗಳಿಗೆ ಬಲ ಒಯ್ಯುವ ಶಾಫ್ಟು ಕಳಚಿದೆ, ಅದರ ಕೀಲು, ಅಂದರೆ ಗ್ಯಾರೇಜಿನವರ 'ಕ್ರಾಸ್', ತುಂಡಾಗಿದೆ.

ಟ್ರಕ್ಕನ್ನು ಠಾಣೆಯ ಅಂಗಳಕ್ಕೆ ಎಳೆದು ತಂದರು. ಹಗ್ಗದಿಂದ ಕಟ್ಟಿದ್ದ ಶಾಫ್ಟು ಗಾಳಿಗೆ ಟ್ರಕ್ಕಿನ ತಳದ ಚೌಕಟ್ಟಿಗೆ ಬಡಿಯಿತು. ಟಕ್.

"ಮಾಳುನಽ ಬಾಗಲಾ ಬಡದಂಗ ಆಗತೈತ್ರಿ," ಎಂದ ಹೆಡ್ ಕಾನ್‌ಸ್ಟೆಬಲ್ ಸಿದರಾಯ.

"ಗಾಳಿ ಅದು. ಟಾರ್ಚ್ ಹಿಡೀರಿ."

ಅಲ್ಫಿಯಾ ವಾಹನದಡಿ ತೆವಳಿ ಅಳತೆ ತೆಗೆದರು. ಕ್ರಾಸ್ ಕೂರುವ ಶಾಫ್ಟಿನ ಕಣ್ಣು ಮೂವತ್ತು ಮಿಲಿಮೀಟರು, ಕ್ರಾಸಿನ ತುದಿಯ ಬಟ್ಟಲು ಇಪ್ಪತ್ತೇಳು. ನಡುವಿನ ಸಂದಿಗೆ ತೆಳುವಾದ ಉಕ್ಕಿನ ಬಳೆ ತೊಡಿಸಲಾಗಿತ್ತು. ಬಲವು ದಪ್ಪದ ಘನಕ್ಕೆ ಅನುಗುಣ. ಮೂರು ಮಿಲಿಮೀಟರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಬಲ ಹೋಗಿತ್ತು. ಆದರೆ ಅವರನ್ನು ಕಾಡಿದ್ದು ಬೇರೆಯದು. ಬ್ರೇಕು ಬಿಟ್ಟಿದ್ದರೆ ಗಾಲಿಯೊಡನೆ ಶಾಫ್ಟೂ ಸುಮ್ಮನೆ ತಿರುಗುತ್ತದೆ, ಮುರಿಯುವುದಿಲ್ಲ. ಕ್ರಾಸ್ ಮುರಿಯಬೇಕಾದರೆ ಒಂದು ತುದಿಯನ್ನು ಏನೋ ಬಿಗಿಹಿಡಿದಿರಬೇಕು. ಈ ಟ್ರಕ್ಕಿನ ಹ್ಯಾಂಡ್‌ಬ್ರೇಕು ಗಾಲಿಗಳನ್ನಲ್ಲ, ಗೇರ್‌ಬಾಕ್ಸಿನ ಹಿಂದೆ ಶಾಫ್ಟನ್ನೇ ಹಿಡಿಯುತ್ತದೆ. ಅದು ಹಿಡಿದಿದ್ದಾಗಲೇ ಕಬ್ಬಿನ ಭಾರಕ್ಕೆ ಸಣ್ಣ ಕ್ರಾಸ್ ಮುರಿದು ಗಾಲಿಗಳು ಸಡಿಲಗೊಂಡಿದ್ದವು.

"ಮಾಳು ಬ್ರೇಕ್ ಹಾಕಿದ್ದ, ಸಿದರಾಯ. ಆಮ್ಯಾಲ ಯಾರೋ ಇಳಿಸ್ಯಾರ. ಅಲ್ಲಿಗೆ ಮೊದಲ ಬಂದಾಂವ ಯಾರು?"

"ಗ್ಯಾರೇಜಿನ ಶ್ರೀಪಾಲ್ರಿ. ಗಾಡಿ ಎತ್ತಾಕ ಕರಸಿದ್ರು."

ಹೇಳಿಕಳಿಸಿದಾಗ ಶ್ರೀಪಾಲ ಕೈಯೊರೆಸುತ್ತಲೇ ಠಾಣೆಯೊಳಗೆ ಬಂದು ನಿಂತ.

"ಕ್ರಾಸಿಗೆ ಈ ಉಕ್ಕಿನ ಬಳಿ ಯಾರು ಕೊರದದ್ದು?"

"ನಾನಽರಿ. ಲೇಥಿನ್ಯಾಗ."

"ದೊಡ್ಡ ಕ್ರಾಸ್ ಸಿಗಲಿಲ್ಲೇನು?"

"ಸಿಗತೈತ್ರಿ. ನಾ ಹಾಕಂಗಿಲ್ಲ."

"ಯಾಕ?"

ಹೊರಗೆ ಟಕ್ ಎಂದಿತು. ಅವನ ಕಣ್ಣು ಅತ್ತ ಹೋಯಿತು.

"ದೊಡ್ಡದು ಮುರ್ಯಂಗಿಲ್ರಿ. ಶಾಫ್ಟಽ ತಿರಚಿ ಹರೀತೈತಿ. ಐಗಳಿ ಹಾದ್ಯಾಗ ಹಂಗ ಹರದು, ತಳದ ತಗಡಿನ ಪತ್ರಾ ಸೀಳಿ ಕ್ಯಾಬಿನ್ನಿಗೆ ಬಂತು. ಸ್ಟೇರಿಂಗ್ ಮ್ಯಾಲ ನನ್ನ ತಮ್ಮ ಕುನಾಲ ಇದ್ದ, ಉಳೀಲಿಲ್ಲ. ಆ ಕ್ರಾಸ್ ನಾನಽ ಹಾಕಿದ್ದೆ. ಅವತ್ತಿನಿಂದ ಎಲ್ಲಾ ಗಾಡಿಗೂ ಸಣ್ಣದಽ. ಮುರದ್ರ ಕ್ರಾಸ್ ಮುರೀಲಿ, ಡ್ರೈವರ್ ಉಳೀಲಿ ಅಂತ."

"ಬ್ರೇಕೂ ಅದಽ ಶಾಫ್ಟಿನ ಮ್ಯಾಲ ಐತಿ ಅನ್ನೋದು ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ. ಮಾಳು ಗಾಲಿ ಕೆಳಗ ಬಿದ್ದದ್ದು ನೋಡಿದಾಗ ನೆನಪಾತು."

"ಆಮ್ಯಾಲ ಹಿಡಿಕಿ ಇಳಿಸಿದಿ."

"ಹೌದ್ರಿ. ಇನ್ನೊಂದ ಹೆಣಾ ನನ್ನ ಹೆಸರೀಲೆ ಬ್ಯಾಡಾಗಿತ್ತು."

ಭಾರತೀಯ ನ್ಯಾಯ ಸಂಹಿತೆಯ ಕಲಂ 106 ಮತ್ತು 238ರ ಅಡಿ, ನಿರ್ಲಕ್ಷ್ಯದಿಂದ ಸಾವು ಹಾಗೂ ಸಾಕ್ಷ್ಯನಾಶದ ಆರೋಪದ ಮೇಲೆ, ಶ್ರೀಪಾಲನನ್ನು ಬಂಧಿಸಲಾಯಿತು.

ಗಂಗಾಳಿಗೆ ಅಲ್ಫಿಯಾ ಹೇಳಿದರು: "ನಿನ್ನ ಗಂಡ ಬ್ರೇಕ್ ಹಾಕಿದ್ದ, ಅವ್ವಾ."

"ನನಗ ಗೊತ್ತಿತ್ರಿ. ಊರಿಗೆ ಗೊತ್ತಾಗುವಂಗ ಬರೀರಿ."

ಬರೆದರು. ಅಷ್ಟರಲ್ಲಿ ಶಾಫ್ಟನ್ನು ಬಿಚ್ಚಿ, ಮುದ್ರೆಯೊತ್ತಿ ಪ್ರಯೋಗಾಲಯಕ್ಕೆ ಕಳುಹಿಸಿಯಾಗಿತ್ತು. ಅಂಗಳದಲ್ಲಿ ಬಡಿಯುವಂಥದ್ದೇನೂ ಉಳಿದಿರಲಿಲ್ಲ. ಗಾಳಿ ಬೀಸಿತು. ಅಲ್ಫಿಯಾ ಲೇಖನಿಯೆತ್ತಿ ಕಿವಿಗೊಟ್ಟರು. ಲಾಕಪ್ಪಿನಲ್ಲಿ ಶ್ರೀಪಾಲನೂ ತಲೆಯೆತ್ತಿದ್ದ.