ಅರ್ಧ ಲೋಡ್, ಪೂರ್ತಿ ಮನಸ್ಸು

"ಮೇಡಂ, ಕೆಳಗೆ ನೋಡಬೇಡಿ. ನನ್ನ ಕಡೆ ನೋಡಿ."

ದನಿ ಕೇಳಿಸಿತು. ಆದರೆ ಅವಳಿಗೆ ಕತ್ತು ತಿರುಗಿಸಲೂ ಆಗಲಿಲ್ಲ. ಚಿಮಣಿಯ ತುದಿಯ ಹತ್ತಿರ, ಕಬ್ಬಿಣದ ಜಾಲರಿಯ ಮೇಲೆ, ಎರಡೂ ಕೈಯಲ್ಲಿ ಕಂಬಿ ಹಿಡಿದು ಕೂತಿದ್ದಳು. ಜಾಲರಿಯ ತೂತುಗಳಲ್ಲಿ ಹಾಲಿನ ಟ್ಯಾಂಕರುಗಳು ಬೆಂಕಿಪೊಟ್ಟಣದಷ್ಟು ಕಾಣುತ್ತಿದ್ದವು.

ಅವಳು ಮಾಲಿನ್ಯ ನಿಯಂತ್ರಣ ಕಚೇರಿಯ ಅಧಿಕಾರಿ. ಈ ಡೈರಿಯವರು ಹಾಲನ್ನು ಪುಡಿ ಮಾಡುವ ಹೊಸ ಡ್ರೈಯರ್ ಹಾಕಿ, ಅದರ ಗಾಳಿಯನ್ನು ಹೊರಗೆ ಬಿಡಲು ಅನುಮತಿ ಕೇಳಿದ್ದರು. ಆ ಗಾಳಿಯ ಜೊತೆ ಎಷ್ಟು ಪುಡಿ ಹಾರಿಹೋಗುತ್ತಿದೆ ಎಂದು ಅಳೆಸಿ, ಅನುಮತಿ ಕೊಡುವುದೋ ಬೇಡವೋ ಎಂದು ತೀರ್ಮಾನಿಸಬೇಕಾದವಳು ಅವಳೇ.

ಮೊದಲ ಸ್ಯಾಂಪಲ್ ತೆಗೆದುಕೊಂಡು ಲ್ಯಾಬಿನವರು ಸರಸರನೆ ಇಳಿದುಹೋಗಿದ್ದರು. ಅವರ ಹಿಂದೆಯೇ ಏಣಿಗೆ ಕಾಲು ಇಳಿಬಿಟ್ಟವಳಿಗೆ ಕಣ್ಣು ಕತ್ತಲಿಟ್ಟಿತ್ತು. ಅಲ್ಲಿಂದ ಮುಂದೆ ಮೈಯೇ ಅವಳ ಮಾತು ಕೇಳಲಿಲ್ಲ.

ಮೇಲೆ ಬಂದವನು ಡ್ರೈಯರ್ ನಡೆಸುವ ಎಂಜಿನಿಯರ್. ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ, ಮನೆಯ ಜಗಲಿಯಲ್ಲಿ ಕೂತ ಹಾಗೆ.

"ಇಳಿಯೋಣ್ವಾ?"

"ಆಗಲ್ಲ..."

"ಸರಿ, ಇಲ್ಲೇ ಇರೋಣ. ಕೆಳಗೆ ನಮ್ಮ ಮ್ಯಾನೇಜರ್ ಇದ್ದಾರೆ. ಅದಕ್ಕಿಂತ ಇದೇ ವಾಸಿ."

ನಗುವ ಹೊತ್ತಲ್ಲ. ಆದರೂ ಅವಳ ತುಟಿಯಂಚು ಅದುರಿತು.

ಅವನು ನೀರಿನ ಬಾಟಲಿ ಚಾಚಿದ. ಯಾವ ಫ್ಯಾಕ್ಟರಿಗೆ ಹೋದರೂ ಅವಳು ಒಂದು ಲೋಟ ನೀರನ್ನೂ ಮುಟ್ಟಿದವಳಲ್ಲ. ಅವಳ ಅಪ್ಪ ಇದೇ ಕಚೇರಿಯಲ್ಲಿದ್ದವರು. ಒಂದು ಫ್ಯಾಕ್ಟರಿಯವರ ಉಡುಗೊರೆಗೆ ಒಲಿದು, ಸಿಕ್ಕಿಬಿದ್ದು, ಕೆಲಸ ಕಳೆದುಕೊಂಡವರು. ಈಗಲೂ ಅವಳು ಕಚೇರಿಯ ವರಾಂಡದಲ್ಲಿ ನಡೆದರೆ ಯಾರಾದರೊಬ್ಬರು ಪಿಸುಗುಟ್ಟುತ್ತಿದ್ದರು, ಅವರ ಮಗಳಂತೆ...

ಗಂಟಲು ಒಣಗಿ ಅಂಟಿಕೊಂಡಿತ್ತು. ಬಾಟಲಿ ತೆಗೆದುಕೊಂಡು ಕುಡಿದಳು.

"ನಾನು ಒಂದು ಮೆಟ್ಟಿಲು ಕೆಳಗಿರ್ತೀನಿ" ಎಂದ ಅವನು. "ನಿಮ್ಮ ಕಾಲನ್ನ ನಾನೇ ಹಿಡಿದು ಇಡ್ತೀನಿ. ನೀವು ಏಣಿ ಹಿಡ್ಕೊಂಡಿರಿ, ಸಾಕು."

ಹಾಗೆಯೇ ಇಳಿಸಿದ. ಅವಳ ಪಾದವನ್ನು ಮೆಟ್ಟಿಲ ಮೇಲಿಡುವಾಗ ಪ್ರತಿ ಸಲವೂ "ಇಲ್ಲಿದೆ ನೋಡಿ" ಎನ್ನುತ್ತಿದ್ದ. ನೆಲ ಸಿಕ್ಕಿದ ಮೇಲೂ ಅವಳು ಏಣಿಯ ಕಂಬಿ ಬಿಡಲಿಲ್ಲ.

"ಇದು ಯಾರಿಗೂ ಗೊತ್ತಾಗೋದು ಬೇಡ" ಎಂದಳು.

"ಗೊತ್ತಾಗೋಕೆ ಏನಿದೆ? ಮೇಡಂ ಮೇಲಿಂದ ಊರು ನೋಡ್ತಿದ್ರು." ಆಮೇಲೆ ಕೇಳಿದ, "ಇನ್ನೂ ಎರಡು ಸ್ಯಾಂಪಲ್ ಇದೆಯಲ್ಲ. ಬೇರೆ ಯಾರನ್ನಾದ್ರೂ ಕಳಿಸಬಹುದಲ್ವಾ?"

"ಕಣ್ಣಾರೆ ನೋಡದೆ ನಾನು ಸಹಿ ಹಾಕಲ್ಲ. ನಾಳೆಯೂ ಹತ್ತುತ್ತೀನಿ."

ಅವನ ಮುಖ ಸಪ್ಪಗಾಯಿತು. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಮರುದಿನವೂ ಹತ್ತಿದಳು, ಅದರ ಮರುದಿನವೂ. ಎರಡು ಸಲವೂ ಇಳಿಯುವ ಹೊತ್ತಿಗೆ ಅವನು ಏಣಿಯ ಬುಡದಲ್ಲಿ ನಿಂತಿರುತ್ತಿದ್ದ, ಏನೋ ಬೋಲ್ಟು ನೋಡುವವನ ಹಾಗೆ. ಕೊನೆಯ ದಿನ ಸಂಜೆ ಬಸ್ ಸ್ಟಾಪಿನಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಎದುರಿಗೆ, ಫ್ಯಾಕ್ಟರಿಯ ಹಿಂದಿನ ಬೀದಿಯಲ್ಲಿ ಬೇಸಿಗೆಯಲ್ಲೂ ಕಿಟಕಿಗಳು ಮುಚ್ಚಿದ್ದವು. ಒಣಹಾಕಿದ ಬಟ್ಟೆಗಳ ಮೇಲೆ ಬಿಳಿ ಪುಡಿ ಕೂತು, ಆ ಒದ್ದೆಗೆ ನೆನೆದು ಹುಳಿವಾಸನೆ ಹೊಡೆಯುತ್ತಿತ್ತು.

"ನಮ್ಮಕ್ಕನ ಮನೆ ಅದೇ ಬೀದೀಲಿದೆ" ಎಂದ ಅವನು. "ಅವಳ ಮಗಳಿಗೆ ಕೆಮ್ಮು ನಿಂತೇ ಇಲ್ಲ. 'ನಿಮ್ಮ ಮಾವ ಮಾಡೋ ಪುಡಿ ಕಣೇ' ಅಂತ ಅಕ್ಕ ನಗ್ತಾಳೆ. ನನಗೆ ನಗು ಬರಲ್ಲ."

ಅವಳು ಸಮಾಧಾನದ ಒಂದು ಮಾತನ್ನೂ ಹೇಳುವಂತಿರಲಿಲ್ಲ. ಕಡತ ತನ್ನ ಮೇಜಿನ ಮೇಲಿರುವಷ್ಟು ದಿನ ಈ ಮನುಷ್ಯನ ಜೊತೆ ನಗುವ ಹಾಗೂ ಇಲ್ಲ, ಅಳುವ ಹಾಗೂ ಇಲ್ಲ. ಬಸ್ ಬಂತು. ಅವಳು ಹತ್ತಿ ಕೂತಳು. ಕಿಟಕಿಯಿಂದ ತಿರುಗಿ ನೋಡಬಾರದು ಎಂದುಕೊಂಡಳು... ನೋಡಿದಳು.

ವರದಿ ಬಂತು. ಮೊದಲ ಸ್ಯಾಂಪಲ್ ಮಿತಿಯೊಳಗಿತ್ತು. ಉಳಿದೆರಡೂ ಮಿತಿಗಿಂತ ಎಷ್ಟೋ ಮೇಲೆ. ಒಂದೇ ಯಂತ್ರ, ಇಷ್ಟು ವ್ಯತ್ಯಾಸ ಯಾಕೆ? ಲ್ಯಾಬಿಗೆ ಫೋನ್ ಮಾಡಿ ಮತ್ತೆ ನೋಡಿಸಿದಳು. ತಪ್ಪಿರಲಿಲ್ಲ. ಅನುಮತಿ ನಿರಾಕರಿಸಿ ಸಹಿ ಹಾಕಿದಳು. ಡ್ರೈಯರ್ ನಿಂತಿತು.

ಡೈರಿಯ ಮ್ಯಾನೇಜರ್ ಅವಳ ಕಚೇರಿಗೇ ಬಂದ. ಕುರ್ಚಿ ಎಳೆದುಕೊಂಡು, ಸುತ್ತಲಿನ ಮೇಜುಗಳಿಗೂ ಕೇಳುವಂತೆ ಹೇಳಿದ:

"ನಮ್ಮ ಹುಡುಗ ನಿಮ್ಮ ಕಾಲು ಹಿಡಿದು ಇಳಿಸಿದ್ದಕ್ಕೆ ಇದಾ ಮೇಡಂ ಬಹುಮಾನ? ಸ್ವಲ್ಪ ಋಣ ನೆನಪಿಟ್ಕೋಬೇಕು."

ಟೈಪಿಂಗ್ ಸದ್ದು ನಿಂತಿತು. ಅವಳ ಕಿವಿಗಳು ಕಾದು ಕೆಂಪಾದವು.

ಹೇಳಿಬಿಟ್ಟನಾ? ಆ ನೀರು, ಆ ನಗು, ಆ ಬೆಂಚು... ಎಲ್ಲಾ ಇದಕ್ಕೇನಾ?

ಎಂಜಿನಿಯರ್ ಫೋನ್ ಮಾಡಿದಾಗ ಒಂದೇ ಮಾತು ಹೇಳಿದಳು. "ಏನಿದ್ರೂ ಕಚೇರಿಗೆ ಬರೆದು ಕಳಿಸಿ."

"ಮೇಡಂ, ನಾನು ಅನುಮತಿ ವಿಷಯಕ್ಕೆ..."

ಕತ್ತರಿಸಿದಳು. ಮತ್ತೆ ಅವನು ಮಾಡಲಿಲ್ಲ.

ಆಮೇಲಿನ ದಿನಗಳು ಕಿಟಕಿಯಿಲ್ಲದ ಕೋಣೆಯ ಹಾಗಿದ್ದವು. ಕಚೇರಿಯಲ್ಲಿ ಅವಳು ಹೋದ ಕಡೆ ಮಾತು ನಿಲ್ಲುತ್ತಿತ್ತು. ಮನೆಯಲ್ಲಿ ಅಮ್ಮ ಬಾಗಿಲು, ಪರದೆ ಎಲ್ಲಾ ಎಳೆದು, ದನಿ ತಗ್ಗಿಸಿ ಮಾತಾಡುತ್ತಿದ್ದರು. ಅಪ್ಪನ ಹೆಸರು ಕೆಟ್ಟ ದಿನದಿಂದ ಬಂದ ಅಭ್ಯಾಸ. ಅಪ್ಪ ತಮ್ಮ ಕೋಣೆಯಿಂದ ಹೊರಗೆ ಬರುತ್ತಿದ್ದುದೇ ಕಡಿಮೆ. ಊಟದ ಮುಂದೆ ಕೂತ ಅವಳಿಗೆ ಚಿಮಣಿಯ ಮೇಲೆ ಕಳೆದ ಆ ಮಧ್ಯಾಹ್ನವೇ ಇನ್ನೂ ಮುಗಿದಿಲ್ಲ ಅನ್ನಿಸುತ್ತಿತ್ತು. ಈ ಸಲ ಮಾತ್ರ ಹತ್ತಿ ಬರುವವರು ಯಾರೂ ಇಲ್ಲ.

ಕೆಲವು ತಿಂಗಳ ಮೇಲೆ ಮ್ಯಾನೇಜರ್ ಹೊಸ ಅರ್ಜಿ ಹಿಡಿದು ಬಂದ. ಪುಡಿ ಹಿಡಿಯುವ ಫಿಲ್ಟರಿನ ಹರಿದ ಬಟ್ಟೆ ಚೀಲಗಳನ್ನೆಲ್ಲ ಬದಲಾಯಿಸಿದ್ದರು. ಅರ್ಜಿಯಲ್ಲಿ ಎಂಜಿನಿಯರ್ ಹೆಸರೂ ಬೇರೆಯಾಗಿತ್ತು.

"ಮೊದಲಿನವರು?" ಅವಳು ತಲೆ ಎತ್ತದೆ ಕೇಳಿದಳು.

"ಆಗಲೇ ಕಳಿಸಿದ್ವಿ. ಹೇಳಿದ ಮಾತು ಕೇಳದವರನ್ನ ಇಟ್ಕೊಂಡು ಏನ್ಮಾಡೋದು? ಅರ್ಧ ಲೋಡಲ್ಲಿ ಓಡಿಸು ಅಂದ್ರೆ..." ಮ್ಯಾನೇಜರ್ ಮಾತು ನುಂಗಿಕೊಂಡ.

ಅವಳ ಪೆನ್ನು ನಿಂತಿತು.

ಅರ್ಧ ಲೋಡ್. ಹರಿದ ಚೀಲಗಳಿದ್ದರೂ ಯಂತ್ರವನ್ನು ಅರ್ಧ ವೇಗದಲ್ಲಿ ಓಡಿಸಿದರೆ ಪುಡಿ ಹೆಚ್ಚು ಹಾರುವುದಿಲ್ಲ. ಮೊದಲ ದಿನ ಹಾಗೇ ಆಗಿತ್ತು. ಮರುದಿನದಿಂದ ಅವನು ಪೂರ್ತಿ ಓಡಿಸಿದ್ದ... ಡ್ರೈಯರ್ ಪರೀಕ್ಷೆಯಲ್ಲಿ ಸೋಲುತ್ತದೆ ಎಂದು ಗೊತ್ತಿದ್ದೂ.

"ನಾನು ಇಳಿಯೋಕೆ ಆಗದೆ ಕೂತಿದ್ದು ನಿಮಗೆ ಅವರೇ ಹೇಳಿದ್ರಾ?"

"ಅವನೆಲ್ಲಿ ಬಾಯಿ ಬಿಡ್ತಾನೆ? ನನ್ನ ರೂಮಿನ ಕಿಟಕಿಗೆ ಚಿಮಣಿ ನೇರ ಕಾಣುತ್ತಲ್ಲ."

ಆ ಸಂಜೆ ಅವಳು ಅಪ್ಪನ ಕೋಣೆಯ ಬಾಗಿಲು ತಟ್ಟಿದಳು. ಎಲ್ಲಾ ಹೇಳಿದಳು. ಕೊನೆಗೆ, "ಅವರನ್ನ ಹುಡುಕ್ಕೊಂಡು ಹೋಗಬೇಕು ಅನ್ಸುತ್ತೆ ಅಪ್ಪ. ಆದ್ರೆ ಕಡತ ನನ್ನ ಹತ್ರಾನೇ ಇದೆ. ಹೋದ್ರೆ ಜನ ಏನಂತಾರೆ ಅಂತ ನಿಮಗೇ ಗೊತ್ತು."

ಅಪ್ಪ ಎದ್ದು ಕಿಟಕಿಯ ಪರದೆ ಸರಿಸಿದರು.

"ಪುಟ್ಟೀ, ಯಾರನ್ನಾದ್ರೂ ಇಷ್ಟಪಡೋದು ಲಂಚ ಅಲ್ಲ ಕಣಮ್ಮ. ಅದನ್ನ ಮುಚ್ಚಿಟ್ಟು ಸಹಿ ಹಾಕ್ತೀಯಲ್ಲ, ಆಗ ಅದು ಲಂಚ. ನಾನು ಮುಚ್ಚಿಟ್ಟೆ. ನೀನು ಹೇಳಿಬಿಡು."

ಬೆಳಿಗ್ಗೆ ಅವಳು ಕಡತವನ್ನು ಮೇಲಧಿಕಾರಿಯ ಮುಂದಿಟ್ಟಳು. ಅರ್ಧ ಲೋಡಿನ ಮಾತನ್ನು ಅದರಲ್ಲಿ ದಾಖಲಿಸಿದ್ದಳು. ಇದನ್ನು ಬೇರೆಯವರಿಗೆ ಕೊಡಿ ಎಂದೂ ಬರೆದಿದ್ದಳು. ಅವರು ಕಾರಣ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

"ಇದನ್ನ ಹೀಗೇ ಇಡ್ಬೇಕೇನಮ್ಮಾ?"

"ಹಾಗೇ ಇರ್ಲಿ ಸರ್."

ಅವನ ಅಕ್ಕನ ಮನೆ ಕೇಳಿ ಹುಡುಕಿದಳು. ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓ, ಇವರೇನಾ ಅವರು?" ಎಂದು ಮಾತ್ರ ಹೇಳಿ ದಾರಿ ತೋರಿಸಿದಳು.

ಮಾರುಕಟ್ಟೆಯ ಹಿಂದೆ ಪಂಪು ರಿಪೇರಿ ಮಾಡುವ ಸಣ್ಣ ಶೆಡ್ಡು. ಅವನು ಬಗ್ಗಿ ಮೋಟಾರ್ ಬಿಚ್ಚುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಮೊದಲಿಗಿಂತ ಸೊರಗಿದ್ದ.

"ಮೇಡಂ... ಏನಾದ್ರೂ ವಿಚಾರಣೆನಾ?"

"ಹೌದು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಪೂರ್ತಿ ಲೋಡಲ್ಲಿ ಯಾಕೆ ಓಡಿಸಿದ್ರಿ?"

ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಲೇ ಇದ್ದ.

"ಮೊದಲನೇ ದಿನ ಅರ್ಧ ಓಡಿಸಿ ಮೋಸ ಮಾಡಿದೆ. ಚೀಲ ಬದಲಾಯಿಸಿ ಅಂತ ಎಷ್ಟು ಸಲ ಹೇಳಿದ್ರೂ ಯಾರೂ ಕೇಳಿರಲಿಲ್ಲ, ನನಗೂ ಸಾಕಾಗಿತ್ತು. ಆಮೇಲೆ ನೀವು ಅಷ್ಟು ಹೆದರಿಕೊಂಡೂ ನಾಳೆ ಮತ್ತೆ ಹತ್ತುತ್ತೀನಿ ಅಂದ್ರಿ. ಅಷ್ಟು ಕಷ್ಟಪಟ್ಟು ಹತ್ತಿದವರ ಕೈಗೆ ಸುಳ್ಳು ಕೊಡೋಕೆ ಮನಸ್ಸು ಬರಲಿಲ್ಲ."

"ಕೆಲಸ ಹೋಗುತ್ತೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ನಿಮ್ಮ ಜೊತೆ ಮಾತೇ ನಿಲ್ಲುತ್ತೆ ಅಂತ ಗೊತ್ತಿರಲಿಲ್ಲ."

ಅವಳ ಕಣ್ಣು ತುಂಬಿಬಂತು. ತಡೆದುಕೊಳ್ಳಲಿಲ್ಲ.

"ನಿಮ್ಮನ್ನ ತಪ್ಪು ತಿಳ್ಕೊಂಡೆ. ಕೇಳದೇನೇ ಫೋನ್ ಕತ್ತರಿಸಿದೆ... ಕ್ಷಮಿಸ್ತೀರಾ?"

"ಅದು ಬಿಡಿ. ನೀವು ಹೀಗೆ ಇಲ್ಲಿಗೆ ಬರಬಹುದಾ? ಕಡತ..."

"ಕಡತ ವಾಪಸ್ ಕೊಟ್ಟೆ."

"ಯಾಕೆ? ಏನಂತ ಹೇಳಿ ಕೊಟ್ರಿ?"

ಅವಳು ಉಸಿರು ಎಳೆದುಕೊಂಡಳು. "ಈ ಡೈರಿಯ ಹಿಂದಿನ ಎಂಜಿನಿಯರ್ ಮೇಲೆ ನನಗೆ ಮನಸ್ಸಿದೆ, ಅವರನ್ನ ಕೆಲಸದಿಂದ ತೆಗೆದ ಡೈರಿ ಮೇಲೆ ಕೋಪ ಇದೆ, ಆದ್ದರಿಂದ ಇದನ್ನ ನಾನು ನೋಡೋದು ಸರಿಯಲ್ಲ ಅಂತ."

ಅವನ ಕೈಯಿಂದ ಬಟ್ಟೆ ಜಾರಿತು.

"ಬರೆದೇ ಕೊಟ್ರಾ? ಹಾಗಾದ್ರೆ ಆಫೀಸಿನವರಿಗೆಲ್ಲ ಗೊತ್ತಾ?"

"ಆಫೀಸಿನವರಿಗೆ ಗೊತ್ತು, ಅಪ್ಪನಿಗೆ ಗೊತ್ತು. ನಿಮ್ಮ ಅಕ್ಕನಿಗೂ ಗೊತ್ತಾದ ಹಾಗಿದೆ." ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ನಿಮಗೊಬ್ಬರಿಗೇ ಹೇಳೋದು ಬಾಕಿ ಇತ್ತು."

ಅವನು ಗ್ರೀಸು ಮೆತ್ತಿದ ತನ್ನ ಕೈ ನೋಡಿಕೊಂಡ, ಅವಳನ್ನು ನೋಡಿದ.

"ಇರಿ, ಕೈ ತೊಳ್ಕೊಂಡು ಬರ್ತೀನಿ."

"ಬೇಡ" ಎಂದಳು ಅವಳು, ಆ ಕೈ ಹಿಡಿದು. "ಹೀಗೇ ಇರ್ಲಿ."