ತಣಿಯದ ಹೂಜಿ

"ಏನೋ ಎಲಾದಿಯೊ, ಮೈ ತೊಳೆದ ನೀರು ತಂದು ಕುಡಿಸ್ತಿದೀಯಾ?" ಎಂದು ಬೆನೀತಾ ಚಿಕ್ಕಮ್ಮ ನನ್ನೆದುರೇ ಬಾಯಲ್ಲಿದ್ದುದನ್ನು ಉಗಿದಳು. ಮಾವಿನ ಮರದಡಿ, ತಣ್ಣೀರಲ್ಲಿ ಎಲೆ ನೆನೆಸಿದ ತೆರೆರೆ ಕುಡಿಯಲು ಕೂತಿದ್ದ ಬೀದಿಯವರೆಲ್ಲ ಬಿದ್ದು ಬಿದ್ದು ನಕ್ಕರು.

ಈ ಸುಡುಬೇಸಿಗೆಯಲ್ಲಿ ತೆರೆರೆ ಎಲೆಗೆ ಬೆಚ್ಚನೆಯ ನೀರು ಹೊಯ್ದರೆ ಮನೆಯ ಮಾನ ಹೋದಂತೆ. ಅದೂ ನಮ್ಮಜ್ಜಿಯ ಹೂಜಿಯ ನೀರು! ಮೊನ್ನೆ ಮೊನ್ನೆಯವರೆಗೂ ಬೀದಿಗೆಲ್ಲ ತಣ್ಣೀರೆಂದರೆ ಅವಳದೇ.

ಸಿಟ್ಟು ನೆತ್ತಿಗೇರಿ, ಅವರೆದುರೇ ಬಾವಿಯಿಂದ ಸೇದಿದೆ. ಕೊಡದ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಹೂಜಿಗೆ ತುಂಬಿ, ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಟ್ಟೆ. ಎಲ್ಲರೂ ನೋಡುತ್ತಿದ್ದಂತೆ ಬಟ್ಟೆ ಒಂದೇ ಕಡೆ, ಅಂಗೈಯಗಲ, ಒಣಗತೊಡಗಿತು.

ಚಿಕ್ಕಮ್ಮ ಅಲ್ಲಿ ಕೈಯಿಟ್ಟು ತಟ್ಟನೆ ಹಿಂತೆಗೆದಳು. "ಅಯ್ಯೋ, ಜ್ವರ ಬಂದೋರ ಹಣೆ ಮುಟ್ಟಿದಂಗಿದೆಯಲ್ಲೋ! ನಿಮ್ಮಜ್ಜಿ ಕೊನೆಗಾಲದಲ್ಲಿ ಈ ಹೂಜಿ ಎಲ್ಲಿಟ್ಟಿದ್ರಿ?"

ಅಜ್ಜಿ ಜ್ವರದ ಉರಿಗೆ ಅದನ್ನು ತಬ್ಬಿಕೊಂಡು, ಅದೇ ಜಾಗಕ್ಕೆ ಹಣೆಯೊತ್ತಿ ಮಲಗುತ್ತಿದ್ದಳು. ಹಾಗೆಯೇ ಪ್ರಾಣ ಬಿಟ್ಟಳು. ಆ ಹೂಜಿಯ ನೀರನ್ನೇ ನಾನು ಇವರಿಗೆಲ್ಲ ಕುಡಿಸಿದ್ದೆ.

ತಲೆಯೆತ್ತಲಾಗಲಿಲ್ಲ. ಹೂಜಿಯನ್ನು ಎದೆಗವಚಿಕೊಂಡು ನಡೆದುಬಿಟ್ಟೆ. ನೀರು ತುಳುಕಿ ಅಂಗಿಯೆಲ್ಲ ತೊಯ್ದಿತು, ಅಂಗೈಯಗಲ ಜಾಗವೊಂದನ್ನು ಬಿಟ್ಟು.