ಚಕ್ರಕ್ಕೆ ಕೊಟ್ಟ ಕಲ್ಲು

"ಕಲ್ಲು ತೆಗೀಲಾ?"

ವಿಲ್ಲಿ ಹಾಗೆ ಕೇಳಿದಾಗ ನಾನು ಅಂಗಾತ ಬಿದ್ದಿದ್ದೆ. ಏರಿನಲ್ಲಿ ನಿಂತ ಗಾಡಿಯ ಹಿಂದೆ. ಕೈಕಾಲು ಹಗ್ಗದಲ್ಲಿ ಬಿಗಿದಿತ್ತು. ತಲೆಗೆ ವೀಲ್ ಸ್ಪ್ಯಾನರ್ ಬಿದ್ದು ಕಿವಿಯ ಹಿಂದೆ ರಕ್ತ ಇಳಿಯುತ್ತಿತ್ತು. ಎಡಗಡೆಯ ಹಿಂದಿನ ಟೈರು ನನ್ನ ಎದೆಯಿಂದ ಒಂದು ಗೇಣು ದೂರ... ಎರಡು ಟನ್ ತೂಕದ ಹಳೇ ಫೋರ್ ಬೈ ಫೋರ್.

ಬಲಗಡೆಯ ಟೈರಿನ ಹಿಂದೆ ಒಂದು ಕೆಂಪುಕಲ್ಲು. ಅದಕ್ಕೆ ತಾಗಿ ವಿಲ್ಲಿಯ ಶೂ.

ನಾನು ನಕ್ಕೆ.

"ಎಂತ ನಗುವುದು?"

"ಇದು ಆಟೋಮ್ಯಾಟಿಕ್ ಗಾಡಿ, ವಿಲ್ಲಿ. ಗೇರು ‘ಪಿ’ಯಲ್ಲಿ ಉಂಟು. ಪಾರ್ಕಿಂಗ್. ಕಲ್ಲು ತೆಗೆದ್ರೆ ಎಂತ ಆಗ್ತದೆ?"

ಅವನ ಮುಖ ಸಪ್ಪೆಯಾಯಿತು. ತಾನೇ ತೋಡಿದ ಗುಂಡಿ ಅವನಿಗೆ ಆಗಷ್ಟೇ ಕಂಡಿತು.

ನಿಮಗೂ ಹೇಳಬೇಕಲ್ಲ. ನಾನು ರೂಬನ್. ಕದ್ದ ಗಾಡಿ, ಮೋಸದ ಗಾಡಿಗಳ ಜಾತಕ ಬಿಡಿಸುವುದು ನನ್ನ ಹೊಟ್ಟೆಪಾಡು. ವಿಲ್ಲಿ ಕಂಕನಾಡಿಯಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವನು. ಈ ಗಾಡಿಯನ್ನು ಅವನು ಒಮ್ಮೆ ನೆಲ್ಲಿ ಎಂಬ ನರ್ಸಿಗೂ ಅವಳ ಗಂಡ ಗೇವಿನ್‌ಗೂ ಮಾರಿದ್ದ. ಮೂರು ಲಕ್ಷ ಕಿಲೋಮೀಟರ್ ಓಡಿದ ಮುದಿ ಗಾಡಿ. ಮೀಟರಿನಲ್ಲಿ ಮಾತ್ರ ಹರೆಯ.

"ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೀಬೇಡಿ ನೆಲ್ಲಿಬಾಯಿ, ತುಕ್ಕು ಹಿಡಿದು ಕಚ್ಚಿಕೊಳ್ತದೆ. ‘ಪಿ’ ಹಾಕಿ ಹೋಗಿ ಮಲಗಿ. ಗುಡ್ಡೆಯಲ್ಲೂ ಅಲುಗುವುದಿಲ್ಲ" ಎಂದು ಕಳಿಸಿದ್ದ.

ನಮ್ಮೂರಿನಲ್ಲಿ ಎಲ್ಲರೂ ಹೇಳುವ ಮಾತೇ. ಆದರೆ ಹ್ಯಾಂಡ್‌ಬ್ರೇಕ್ ಎಳೆಯದವರು ಚಕ್ರಕ್ಕೆ ಕಲ್ಲು ಕೊಡುತ್ತಾರೆ. ನೆಲ್ಲಿ ಕೊಡಲಿಲ್ಲ. ಅವಳು ‘ಪಿ’ಯನ್ನು ನಂಬಿದಳು.

ಅವರ ಮನೆ ಕದ್ರಿಯ ಏರಿನಲ್ಲಿ. ಅವಳು ಗಾಡಿ ನಿಲ್ಲಿಸಿ ಇಳಿದಳು. ಗೇವಿನ್ ಹಿಂದೆ ಹೋಗಿ ಡಿಕ್ಕಿಯಿಂದ ಅಕ್ಕಿ ಚೀಲ ಇಳಿಸುತ್ತಿದ್ದ. ಗಾಡಿ ಹಿಂದಕ್ಕೆ ಜಾರಿತು. ಎದುರು ಮನೆಯ ಕಾಂಪೌಂಡ್ ಗೋಡೆಗೆ ಒತ್ತಿ ಅವನನ್ನು ಕೊಂದಿತು... ಅವಳ ಕಣ್ಣೆದುರೇ.

ಗೇರು ಹಾಕದೆ ಇಳಿದಳು ಎಂದು ಕೇಸಾಯಿತು. ಗಂಡನನ್ನು ತಿಂದವಳು ಎಂದಳು ಅತ್ತೆ. ಕೊನೆಗೆ ನೆಲ್ಲಿಗೇ ತನ್ನ ಮೇಲೆ ಅನುಮಾನ ಹುಟ್ಟಿತು. ನನ್ನ ಹತ್ತಿರ ಬಂದವಳು ಕೇಳಿದ್ದು ಇಷ್ಟೇ: "ಸರ್, ನಾನು ‘ಪಿ’ ಹಾಕಿದ್ದೆನಾ, ಇಲ್ಲವಾ? ಹಾಕಲಿಲ್ಲ ಅಂತಾದ್ರೆ ಅದನ್ನೂ ಹೇಳಿ."

ವಿಲ್ಲಿ ಕನಿಕರದ ನಾಟಕ ಆಡಿ ಅದೇ ಗಾಡಿಯನ್ನು ವಾಪಸ್ ಕೊಂಡ. ರಕ್ತ ತೊಳೆದ. ಮತ್ತೆ ಮಾರಾಟಕ್ಕೆ ನಿಲ್ಲಿಸಿದ. ಮನುಷ್ಯ ಅಂದ್ರೆ ಹೀಗಿರಬೇಕು ನೋಡಿ.

ನಾನು ಗಿರಾಕಿಯಾಗಿ ಹೋದೆ. ಅವನ ಟೆಸ್ಟ್ ಡ್ರೈವ್ ಅಂದರೆ ಸರ್ಕಲ್ಲಿನವರೆಗೆ ಹೋಗಿ ಬರುವುದು. ಕಾರಣ ಉಂಟು. ಮುದಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಸುಟ್ಟ ಆಯಿಲ್ ತೆಗೆದು ದಪ್ಪ ಆಯಿಲ್ ಹೊಯ್ದರೆ, ತಣ್ಣಗಿರುವಷ್ಟು ಹೊತ್ತು ಬೆಣ್ಣೆಯ ಹಾಗೆ ಹೋಗುತ್ತದೆ. ಬಿಸಿಯಾದ ಮೇಲೆ ನಿಜ ಬಾಯಿ ಬಿಡುತ್ತದೆ.

ನಾನು ಸರ್ಕಲ್ಲಿನಲ್ಲಿ ತಿರುಗಿಸಲಿಲ್ಲ. ನೇತ್ರಾವತಿ ಸೇತುವೆ ದಾಟಿದೆ. ತೊಕ್ಕೊಟ್ಟು ದಾಟಿದೆ. "ಎಲ್ಲಿಗೆ ಮಾರಾಯ?" ಎಂದು ವಿಲ್ಲಿ ಕೇಳುತ್ತಲೇ ಇದ್ದ. ಗುಡ್ಡ ಹತ್ತುವಾಗ ಇಂಜಿನ್ ಬೊಬ್ಬೆ ಹೊಡೆಯಿತು, ಗಾಡಿ ಎಳೆಯಲಿಲ್ಲ. ಸುಟ್ಟ ಆಯಿಲ್ ವಾಸನೆ ಒಳಗೆ ತುಂಬಿತು. ಕೆಂಪುಕಲ್ಲು ಕಡಿದು ಬಿಟ್ಟು ನೀರು ತುಂಬಿದ ಹಾಳು ಕೋರೆಯೊಂದರ ಮೇಲೆ, ಏರಿನಲ್ಲೇ ನಿಲ್ಲಿಸಿ ‘ಪಿ’ ಹಾಕಿದೆ.

ನಾನು ಬ್ರೇಕಿನಿಂದ ಕಾಲು ತೆಗೆಯುವ ಮೊದಲೇ ವಿಲ್ಲಿ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಕೈ ತಾನಾಗಿ ಮಾಡಿದ ಕೆಲಸ. ಗೇರು ಸರಿಯಿದೆ ಎಂದು ನಂಬಿದವನು ಕಲ್ಲು ಹುಡುಕುವುದಿಲ್ಲ. ನಾನು ಇಳಿದು, ಆಯಿಲ್ ಸೋರುತ್ತದಾ ಎಂದು ಮುಂದಿನ ಚಕ್ರದ ಹತ್ತಿರ ಬಗ್ಗಿದೆ. ಎದ್ದು ಹಿಂದಕ್ಕೆ ಬಂದೆ.

"ನೀನು ನೆಲ್ಲಿಯ ಕಡೆಯವನಲ್ವಾ?" ಅಂದ. ಆಮೇಲೆ ತಲೆಗೆ ಸ್ಪ್ಯಾನರ್ ಬಿತ್ತು. ಎಚ್ಚರವಾದಾಗ ಕೈಕಾಲಿಗೆ ಹಗ್ಗ.

ಈಗ ಗೊತ್ತಾಯಿತಲ್ಲ, ನಾನು ಯಾಕೆ ಹಾಗೆ ಬಿದ್ದಿದ್ದೆ ಎಂದು?

"ಸಾಯುವವನಿಗೆ ಒಂದು ನಿಜ ಹೇಳು ವಿಲ್ಲಿ. ಆ ದಿನ ನೆಲ್ಲಿ ‘ಪಿ’ ಹಾಕಿದ್ದಳಾ?"

"ಹಾಕಿದ್ದಳು ಮಾರಾಯ. ಒಳಗೆ ಹಿಡಿಯುವ ಹಲ್ಲು ಸವೆದುಹೋಗಿದೆ. ಮಾರುವ ಮೊದಲೇ ನನಗೆ ಗೊತ್ತುಂಟು. ಗೇರ್‌ಬಾಕ್ಸ್ ಬಿಚ್ಚಿಸಿದ್ರೆ ನನಗೆಂತ ಸಿಗ್ತದೆ, ಮಣ್ಣಾ?" ಅವನು ಶೂ ಹಿಂದಕ್ಕೆ ಎಳೆದ. "ಹೋಗು. ಗೇವಿನ್‌ಗೂ ಹೇಳು."

ಕಲ್ಲಿಗೆ ಒದ್ದ.

ಕಲ್ಲು ಉರುಳಿತು. ಗಾಡಿ ಅರ್ಧ ಇಂಚು ಜಾರಿ ನಿಂತಿತು.

ನನ್ನ ಅಪ್ಪ ಲಾರಿ ಓಡಿಸುತ್ತಿದ್ದ. ಒಂದು ಕಲ್ಲು ಇಡುವವನು ದೇವರನ್ನು ನಂಬಿದವನು, ಎರಡು ಇಡುವವನು ಮನೆಗೆ ಹೋಗಬೇಕಾದವನು ಎನ್ನುತ್ತಿದ್ದ. ಆಯಿಲ್ ನೋಡಲು ಬಗ್ಗಿದಾಗಲೇ ಎಡಗಡೆಯ ಮುಂದಿನ ಚಕ್ರಕ್ಕೆ ನಾನು ನನ್ನ ಕಲ್ಲು ಕೊಟ್ಟಿದ್ದೆ.

ವಿಲ್ಲಿಗೆ ಅದು ಕಾಣಲಿಲ್ಲ. ಬೈಯುತ್ತ ಸೀಟಿಗೆ ಹಾರಿದ. ಇಂಜಿನ್ ಎದ್ದಿತು. ರಿವರ್ಸ್!

ಉರುಳಿದೆ. ಕಟ್ಟಿದ ಕೈಕಾಲಿನಲ್ಲಿ ಮನುಷ್ಯ ಎಷ್ಟು ಬೇಗ ಉರುಳಬಹುದೋ ಅಷ್ಟು ಬೇಗ. ಮೊದಲು ಗೇರು ಹಿಡಿಯಲಿಲ್ಲ... ಇಂಜಿನ್ ಮಾತ್ರ ಕೂಗಿತು. ನಂತರ ಒಮ್ಮೆಲೇ ಹಿಡಿಯಿತು. ಗಾಡಿ ನನ್ನ ಕಲ್ಲನ್ನು ಹಾರಿ, ನನ್ನ ಭುಜ ಸವರಿ, ಕೋರೆಯ ಕಡೆಗೆ ನುಗ್ಗಿತು. ವಿಲ್ಲಿ ಹೆದರಿ ಡ್ರೈವ್‌ಗೆ ಹಾಕಿ ಆಕ್ಸಿಲರೇಟರ್ ಒತ್ತಿದ. ಗಾಡಿ ಎಳೆಯಲೇ ಇಲ್ಲ. ಕೊನೆಗೆ ಬ್ರೇಕ್ ತುಳಿದ. ಅಂಚಿಗೆ ಒಂದು ಮಾರು ಇರುವಾಗ ನಿಂತಿತು. ಇಂಜಿನ್ ಸತ್ತಿತು. ಅವನ ಕಡೆಯ ಬಾಗಿಲು ಕಡಿದಿಟ್ಟ ಕಲ್ಲಿನ ರಾಶಿಗೆ ಒತ್ತಿಕೊಂಡಿತ್ತು.

ಅದೇ ರಾಶಿಯ ಇನ್ನೊಂದು ತುದಿಯಲ್ಲಿ ನಾನು ಹಗ್ಗವನ್ನು ಕಲ್ಲಿನ ಅಂಚಿಗೆ ಉಜ್ಜಿ ಕಡಿದುಕೊಂಡೆ. ಅವಸರ ಇರಲಿಲ್ಲ.

"ರೂಬನ್... ಬ್ರೇಕಿನಿಂದ ಕಾಲು ತೆಗೆದ್ರೆ ಗಾಡಿ ಹೋಗ್ತದೆ."

"ಹ್ಯಾಂಡ್‌ಬ್ರೇಕ್ ಎಳಿ."

"ಕೇಬಲ್ ಇಲ್ಲ. ಕಚ್ಚಿಕೊಳ್ತದೆ ಅಂತ ನಾನೇ ತೆಗೆಸಿದ್ದು." ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡ. "ಒಂದು ಕಲ್ಲು ಕೊಡು ಮಾರಾಯ. ನಿನ್ನ ಕಾಲು ಹಿಡಿತೇನೆ."

ಮುಂದಿನ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ಏರಿನಲ್ಲೇ ಬಿದ್ದಿತ್ತು. ಎತ್ತಿಕೊಂಡು ಬಂದೆ. ಇನ್ನೊಂದು ಕೈಯಲ್ಲಿ ಅಂಗಿ ಜೇಬಿನ ಫೋನ್ ತೆಗೆದೆ. ಕಂಕನಾಡಿ ಬಿಟ್ಟಾಗಿನಿಂದ ಅದು ನೆಲ್ಲಿಗೆ ಕಾಲ್‌ನಲ್ಲೇ ಇತ್ತು.

"ಕೇಳಿಸಿತಾ ನೆಲ್ಲಿಬಾಯಿ?"

ಫೋನಿನಲ್ಲಿ ಅಳು. ಅಳುವಿನ ನಡುವೆ, "ನಾನು ಹಾಕಿದ್ದೆ. ನಾನು ಹಾಕಿದ್ದೆ ಸರ್."

"ಹಾಕಿದ್ದಿರಿ."

"ಅವನು ಈಗ ಎಂತ ಕೇಳುವುದು?"

"ಒಂದು ಕಲ್ಲು."

ಅಳು ನಿಂತಿತು. ವಾರ್ಡಿನಲ್ಲಿ ರೋಗಿಗೆ ಹೇಳುವ ತಣ್ಣನೆಯ ಸ್ವರದಲ್ಲಿ ನೆಲ್ಲಿ ಹೇಳಿದಳು, "‘ಪಿ’ ಹಾಕ್ಲಿಕ್ಕೆ ಹೇಳಿ."

ಹೇಳಿದೆ.

ವಿಲ್ಲಿ ನನ್ನ ಮುಖ ನೋಡಿದ. ಕೈಯಲ್ಲಿದ್ದ ಕಲ್ಲು ನೋಡಿದ. ಎರಡೂ ಕಾಲಿನಲ್ಲಿ ಬ್ರೇಕ್ ಒತ್ತಿ ಹಿಡಿದ. ನಾನು ಕಲ್ಲನ್ನು ನೆಲಕ್ಕಿಟ್ಟು ಅದರ ಮೇಲೆ ಕುಳಿತೆ. ನನಗೆ ಪಾಪ ಅನಿಸಲಿಲ್ಲ. ನಿಮಗೆ ಅನಿಸಿದರೆ ಅನಿಸಲಿ.

ಅವನು ‘ಪಿ’ ಹಾಕಿದ. ಕಾಲು ಸೋತಿತು. ಒಳಗೆ ಕಟ್ ಎಂದು ಸದ್ದಾಯಿತು, ಅಷ್ಟೇ. ಗಾಡಿ ಹಿಂದಕ್ಕೆ ಜಾರಿತು. ಕೋರೆಯ ನೀರು ತುಂಬ ಆಳ.

ಆ ಕಲ್ಲು ಈಗ ನನ್ನ ಮನೆಯಲ್ಲುಂಟು. ಗಾಳಿಗೆ ಬಾಗಿಲು ಬಡಿಯದ ಹಾಗೆ ಇಟ್ಟಿದ್ದೇನೆ. ಒಂದು ದಿನವೂ ಜಾರಿಲ್ಲ.